ಕನ್ನಡ ಮೀಡಿಯಂನಿಂದ ಪಿಯುಸಿ ಸೈನ್ಸ್‌ಗೆ ಹೋದ ತಂಗಿಗೆ ಕೆಮಿಸ್ಟ್ರಿ ಕಲಿಯಲು ಆನ್‌ಲೈನಲ್ಲಿ ಏನಿದೆ?

ಗಿರಣಿ_ಅಣ್ಣ
ಎಲ್ಲರಿಗೂ ನಮಸ್ಕಾರ. ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ನಾನು ಹಿಟ್ಟಿನ ಗಿರಣಿ ನಡೆಸುತ್ತೇನೆ. ತಂಗಿ ಎಸ್ಸೆಸ್ಸೆಲ್ಸಿ ಕನ್ನಡ ಮೀಡಿಯಂ, ವಿಜ್ಞಾನದಲ್ಲಿ 91 ತೆಗೆದವಳು. ಈಗ ಪೇಟೆಯ ಕಾಲೇಜಲ್ಲಿ ಫಸ್ಟ್ ಪಿಯುಸಿ, ಪಿಸಿಎಂಬಿ. ಪಾಠ ಪೂರ್ತಿ ಇಂಗ್ಲಿಷಲ್ಲಿ. ಎರಡು ತಿಂಗಳಾದರೂ ಕೆಮಿಸ್ಟ್ರಿಯಲ್ಲಿ ಮೊದಲನೇ ಪಾಠದ ಮೋಲ್ ಕಾನ್ಸೆಪ್ಟ್ ಹತ್ತಿರವೇ ನಿಂತಿದ್ದಾಳೆ. ನಿನ್ನೆ ರಾತ್ರಿ ಪುಸ್ತಕ ಮುಚ್ಚಿಟ್ಟು "ಅಣ್ಣಾ, ನಾನು ಆರ್ಟ್ಸ್‌ಗೆ ಹೋಗ್ತೀನಿ" ಅಂದಳು.

ಮನೆಯಲ್ಲಿ ಇರೋದು ಒಂದೇ ಫೋನು. ಅದೂ ರಾತ್ರಿ ಎಂಟರ ತನಕ ನನ್ನ ಹತ್ತಿರ ಗಿರಣಿಯಲ್ಲಿರುತ್ತದೆ. ದಿನಕ್ಕೆ ಒಂದೂವರೆ ಜಿಬಿ ಡೇಟಾ. ಕಂಪ್ಯೂಟರ್ ಇಲ್ಲ. ಟ್ಯೂಷನ್‌ಗೆ 25 ಕಿಲೋಮೀಟರ್ ಹೋಗಬೇಕು, ಸಂಜೆ ಬಸ್ಸಿಲ್ಲ. ದುಡ್ಡು ಕೊಡದೆ ಫೋನಲ್ಲೇ ಕಲಿಯುವಂಥದ್ದು ಏನಾದರೂ ಇದ್ದರೆ ಹೇಳಿ. ಕನ್ನಡದಲ್ಲಿದ್ದರೆ ಇನ್ನೂ ಒಳ್ಳೆಯದು.

ಬೈಟುಕಾಫಿ
ಯೂಟ್ಯೂಬಲ್ಲಿ "ಮೋಲ್ ಕಾನ್ಸೆಪ್ಟ್ ಇನ್ ಕನ್ನಡ" ಅಂತ ಹುಡುಕಿ ಸರ್. ರಾಶಿ ಇದೆ.

ಹಳೇ_ಬ್ಯೂರೆಟ್ಟು
ರಾಶಿ ಇರೋದೇ ತೊಂದರೆ ಮಾರಾಯ. ಆ ಹುಡುಗಿಗೆ ಯಾವುದು ನೋಡಬೇಕು ಅಂತ ಯಾರು ಹೇಳ್ತಾರೆ?

ನಿವೃತ್ತ_ಮೇಷ್ಟ್ರು
ಗಿರಣಿಯವರೇ, ಪಿಯು ಕಾಲೇಜಲ್ಲಿ 29 ವರ್ಷ ಕೆಮಿಸ್ಟ್ರಿ ಹೇಳಿಕೊಟ್ಟವನು ನಾನು. ವಿಜ್ಞಾನದಲ್ಲಿ 91 ತೆಗೆದವಳಿಗೆ ಮೋಲ್ ಅರ್ಥವಾಗದೆ ಇರೋದಿಲ್ಲ. ಅವಳು ಎಡವುತ್ತಿರೋದು ಮಾತಿನಲ್ಲಿ.

ಒಂದು ಸಲ ಒಬ್ಬ ಹುಡುಗ ಆಗಸ್ಟ್ ಮುಗಿಯುವವರೆಗೂ ಕ್ಲಾಸಲ್ಲಿ ಬಾಯಿ ಬಿಟ್ಟಿರಲಿಲ್ಲ. ಕೊನೆಗೆ ಕರೆದು ಕೂರಿಸಿ ಕೇಳಿದೆ. ನಾನು "ಸಲ್ಯೂಷನ್" ಅಂದಾಗಲೆಲ್ಲ ಅವನ ತಲೆಗೆ ಬರುತ್ತಿದ್ದದ್ದು ಸೈಕಲ್ ಅಂಗಡಿಯ ಪಂಕ್ಚರ್ ಸಲ್ಯೂಷನ್ ಅಂತೆ! ಅದು ದ್ರಾವಣ ಕಣೋ ಅಂದೆ. "ಅಯ್ಯೋ, ದ್ರಾವಣನಾ ಸಾರ್" ಅಂದ. ದ್ರಾವಕ ಅಂದರೆ ಸಾಲ್ವೆಂಟ್, ದ್ರಾವ್ಯ ಅಂದರೆ ಸಾಲ್ಯೂಟ್ ಅಂತ ಬರೆದುಕೊಟ್ಟೆ. ಅರ್ಧ ಗಂಟೆಯಲ್ಲಿ ಆ ಪಾಠ ಮುಗಿಯಿತು.

ಅದಕ್ಕೆ ಮೊದಲು ಮಾಡಬೇಕಾದ ಕೆಲಸ ಇದು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಹತ್ತನೇ ತರಗತಿ ವಿಜ್ಞಾನ ಪುಸ್ತಕದ ಪಿಡಿಎಫ್ ಕನ್ನಡ ಮೀಡಿಯಂದೂ ಇದೆ, ಇಂಗ್ಲಿಷ್ ಮೀಡಿಯಂದೂ ಇದೆ. ಪುಕ್ಕಟೆ. ಎರಡಕ್ಕೂ ಮೂಲ ಎನ್‌ಸಿಇಆರ್‌ಟಿ ಪುಸ್ತಕವೇ. ಹಾಗಾಗಿ ಪಾಠ, ಚಿತ್ರ, ಚಟುವಟಿಕೆ ಎಲ್ಲ ಒಂದಕ್ಕೊಂದು ಹೊಂದುತ್ತವೆ. ಅವಳಿಗೆ ಬಾಯಿಪಾಠವಾಗಿರುವ ಪಾಠವನ್ನೇ ಇಂಗ್ಲಿಷಲ್ಲಿ ಇನ್ನೊಮ್ಮೆ ಓದಲಿ. ಹೊಸ ವಿಷಯ ಬೇಡ. ದಿನಕ್ಕೆ ಎರಡು ಪುಟ, ನೋಟ್‌ಬುಕ್ಕಿನಲ್ಲಿ ಎಡಗಡೆ ಕನ್ನಡ ಪದ, ಬಲಗಡೆ ಇಂಗ್ಲಿಷ್ ಪದ. ಹತ್ತನೆಯದು ಮುಗಿದ ಮೇಲೆ ಒಂಬತ್ತನೆಯದು. ಮೋಲ್‌ಗೆ ಬೇಕಾದ ಅಣು, ಪರಮಾಣುಗಳ ಪಾಠ ಇರೋದು ಒಂಬತ್ತರಲ್ಲೇ.

ಕುಂದಾಪ್ರದ_ಕಣ್
ಮೇಷ್ಟ್ರೇ, ಇದು ನಂಗೆ 15 ವರ್ಷ ಮುಂಚೆ ಯಾರೂ ಹೇಳಲಿಲ್ಲ 😭 ಫಿಸಿಕ್ಸಲ್ಲೂ ಇದೇ ಕಥೆ. ನಮ್ಮ ಪುಸ್ತಕದಲ್ಲಿ ಜವ ಅಂದರೆ ಸ್ಪೀಡ್, ವೇಗ ಅಂದರೆ ವೆಲಾಸಿಟಿ, ವೇಗೋತ್ಕರ್ಷ ಅಂದರೆ ಆಕ್ಸಲರೇಷನ್. ಮನೆಯಲ್ಲಿ ಬಸ್ಸು "ವೇಗವಾಗಿ ಹೋಯ್ತು" ಅಂದರೆ ಸ್ಪೀಡು. ಎಲ್ಲ ಕಲಸಿ ಮೊಸರನ್ನ ಆಗಿತ್ತು.

ಅಚ್ಚಗನ್ನಡ_ಪ್ರೇಮಿ
ತಪ್ಪು ಹುಡುಗಿಯದಲ್ಲ, ಪಿಯುಸಿಯಲ್ಲಿ ಕನ್ನಡವನ್ನು ಕೈಬಿಟ್ಟವರದು. ಹತ್ತನೇ ಪುಸ್ತಕದಲ್ಲೂ ಈಗ ಹೈಡ್ರೋಜನ್, ಆಕ್ಸಿಜನ್ ಅಂತಲೇ ಬರೆಯುತ್ತಾರೆ. ಜಲಜನಕ, ಆಮ್ಲಜನಕ ಅಂತ ಇದ್ದಾಗ ಹೆಸರಲ್ಲೇ ಅರ್ಥ ಇರುತ್ತಿತ್ತು.

ಲ್ಯಾಬ್_ಅಕ್ಕ
ಆಮ್ಲಜನಕ ಅನ್ನೋ ಹೆಸರಲ್ಲಿರುವ ಅರ್ಥವೇ ತಪ್ಪು ಅಲ್ವಾ ಸರ್? ಎಲ್ಲ ಆಮ್ಲಕ್ಕೂ ಇದೇ ಕಾರಣ ಅಂತ ಫ್ರಾನ್ಸಿನ ಲವಾಸಿಯೆ ತಿಳಿದಿದ್ದ. ಗ್ರೀಕ್ ಪದಗಳಿಂದ ಹೆಸರಿಟ್ಟ, ನಾವು ಅದನ್ನೇ ಕನ್ನಡ ಮಾಡಿಕೊಂಡೆವು. 1810ರ ಹೊತ್ತಿಗೆ ಹಂಫ್ರಿ ಡೇವಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಅಂತ ತೋರಿಸಿದ. ಹೆಸರು ನಂಬಿದ ಮಗು ಆಸಿಡ್ ಪಾಠದಲ್ಲಿ ಖಂಡಿತ ಎಡವುತ್ತದೆ.

ಅಚ್ಚಗನ್ನಡ_ಪ್ರೇಮಿ
ಆ ತಪ್ಪು ಇಂಗ್ಲಿಷ್ ಹೆಸರಲ್ಲೂ ಇದೆಯಲ್ಲ ಅಕ್ಕಾ. ಹಾಗಾದರೆ ಅದನ್ನೂ ಬಿಡಬೇಕು. ಇಂಗಾಲ ಕೇಳಿ ಎಷ್ಟು ಚೆನ್ನಾಗಿದೆ. ಇಂಗಳ ಅಂದರೆ ಕೆಂಡ. ಇದ್ದಿಲಿನ ಮೂಲಕ್ಕೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ?

ನಿವೃತ್ತ_ಮೇಷ್ಟ್ರು
ಇಂಗಾಲಕ್ಕೆ ನನ್ನ ಮತ ಇದೆ. ಆದರೆ ಈ ಜಗಳ ಇಲ್ಲಿ ಬೇಡ. ಹುಡುಗಿಗೆ ಮಾರ್ಚಲ್ಲಿ ಪರೀಕ್ಷೆ.

ಬೈಟುಕಾಫಿ
ಇಬ್ಬರೂ ಗೆದ್ದಿರಿ, ಕೈ ಕುಲುಕಿ.

ಪಿಕ್ಸೆಲ್_ಪುಟ್ಟಿ
ಡೇಟಾ ಕಡಿಮೆ ಇರೋರಿಗೆ ನನ್ನ ಮೊದಲ ಸಲಹೆ ಫೆಟ್ ಅನ್ನೋ ಜಾಲತಾಣ. ಅಮೆರಿಕದ ಕೊಲೊರಾಡೊ ಬೌಲ್ಡರ್ ವಿಶ್ವವಿದ್ಯಾಲಯದ್ದು. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ವಿಡಿಯೋ ಅಲ್ಲ, ನಾವೇ ಬೆರಳಲ್ಲಿ ಆಡಿಸುವ ಪ್ರಯೋಗ. ಕೆಲವಕ್ಕೆ ಕನ್ನಡ ಅನುವಾದವೂ ಇದೆ. ಬೇಕಾದ್ದನ್ನು ಒಂದು ಸಲ ಇಳಿಸಿಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ಬ್ರೌಸರಲ್ಲಿ ತೆರೆಯುತ್ತದೆ.

ಸಮೀಕರಣ ಸರಿದೂಗಿಸೋದನ್ನು ತೆಗೆದುಕೊಳ್ಳಿ. ನೈಟ್ರೋಜನ್ ಒಂದು, ಹೈಡ್ರೋಜನ್ ಒಂದು, ಅಮೋನಿಯಾ ಒಂದು ಅಂತ ಇಟ್ಟರೆ ಪರದೆ ಮೇಲಿನ ತಕ್ಕಡಿ ವಾಲುತ್ತದೆ. ಹೈಡ್ರೋಜನ್ ಮೂರು, ಅಮೋನಿಯಾ ಎರಡು ಮಾಡಿದ ತಕ್ಷಣ ಸಮಕ್ಕೆ ಬಂದು ನಗುಮುಖ ಬರುತ್ತದೆ. ನನ್ನ ಅಕ್ಕನ ಮಗ ಎಂಟನೇ ಕ್ಲಾಸು, ಆಟ ಅಂದುಕೊಂಡೇ ಒಂದು ಸಂಜೆಯಲ್ಲಿ ಕಲಿತ.

ಕೆಂಡಸಂಪಿಗೆ_22
+1. ಪಿಎಚ್ ಸ್ಕೇಲ್, ಪರಮಾಣು ಕಟ್ಟೋದು, ಮೋಲಾರಿಟಿ ಮೂರೂ ಇಳಿಸಿಕೊಳ್ಳಿ. ಪುಡಿ ಹಾಕಿದಂತೆ ಬಣ್ಣ ಗಾಢವಾಗುತ್ತದೆ, ನೀರು ಬಿಟ್ಟಂತೆ ತಿಳಿಯಾಗುತ್ತದೆ. ಮೋಲಾರಿಟಿ ಅಂದರೆ ದ್ರಾವಣ ಎಷ್ಟು ಗಟ್ಟಿ ಅನ್ನೋದು, ಅಷ್ಟೇನಾ ಅನ್ನಿಸುತ್ತದೆ.

ಮ್ಯೂನಿಕ್_ಮಂಡ್ಯ
ವಿದೇಶಿ ವಿಶ್ವವಿದ್ಯಾಲಯಗಳ ಆನ್‌ಲೈನ್ ಕೋರ್ಸ್ ಸೇರಿಸಿ. ಲ್ಯಾಪ್‌ಟಾಪಲ್ಲಿ ಎರಡು ಸ್ಕ್ರೀನ್ ಹಾಕಿಕೊಂಡು ನೋಟ್ಸ್ ಮಾಡಿದರೆ ತುಂಬ ಚೆನ್ನಾಗಿ…

ಹಳೇ_ಬ್ಯೂರೆಟ್ಟು
ಸ್ವಾಮೀ, ಅವರ ಮನೆಯಲ್ಲಿ ಒಂದು ಫೋನಿದೆ. ಅದೂ ಹಿಟ್ಟು ಮೆತ್ತಿಕೊಂಡಿರುತ್ತೆ.

ಮ್ಯೂನಿಕ್_ಮಂಡ್ಯ
ಕ್ಷಮಿಸಿ, ಪೂರ್ತಿ ಓದದೆ ಬರೆದೆ. ಹಾಗಾದರೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪಿರಿಯಾಡಿಕ್ ವಿಡಿಯೋಸ್. 2008ರಿಂದ ಇದೆ, 118 ಮೂಲವಸ್ತುಗಳಿಗೂ ಒಂದೊಂದು ವಿಡಿಯೋ. ಕೂದಲು ಕೆದರಿಕೊಂಡಿರುವ ಒಬ್ಬ ಪ್ರೊಫೆಸರ್ ಬರುತ್ತಾರೆ, ಮಾರ್ಟಿನ್ ಪೋಲಿಯಾಕಾಫ್ ಅಂತ. ಇಂಗ್ಲಿಷ್ ಅರ್ಧ ತಿಳಿದರೂ ಸಾಕು, ಸೋಡಿಯಂ ನೀರಿಗೆ ಬಿದ್ದಾಗ ಏನಾಗುತ್ತದೆ ಅಂತ ನೋಡಲು ಭಾಷೆ ಬೇಡ.

ಎಲೆತೋಟ
ಮೋಲ್ ವಿಷಯಕ್ಕೆ ಬರೋಣ. ಹಾವೇರಿ ಜಿಲ್ಲೆ ಅಂದರೆ ಸವಣೂರು ಎಲೆ ಗೊತ್ತಿರಲೇಬೇಕು. ಸಂತೆಯಲ್ಲಿ ಎಲೆಯನ್ನು ಒಂದೊಂದೇ ಎಣಿಸಿ ಮಾರುವುದಿಲ್ಲ, ಕವಳಿ ಲೆಕ್ಕ. ಒಂದು ಕವಳಿ ಅಂದರೆ 100 ಎಲೆ. ಎಳೆ ಎಲೆಯ ಕವಳಿ ಹಗುರ, ಬಲಿತ ದೊಡ್ಡ ಎಲೆಯ ಕವಳಿ ಭಾರ. ಆದರೆ ಎಣಿಕೆ ಒಂದೇ. ಮೋಲ್ ಅಂದರೆ ಪರಮಾಣುಗಳ ಕವಳಿ, ಅಷ್ಟೇ. ಒಂದು ಮೋಲ್ ಕಾರ್ಬನ್ 12 ಗ್ರಾಂ, ಒಂದು ಮೋಲ್ ಸೋಡಿಯಂ 23 ಗ್ರಾಂ. ತೂಕ ಬೇರೆ, ಎಣಿಕೆ ಒಂದೇ.

ಬೈಟುಕಾಫಿ
ನಮ್ಮ ಕಡೆ ಕವಳಿಗೆ 50 ಎಲೆ.

ಎಲೆತೋಟ
ಯಾವ ಊರು ನಿಮ್ಮದು? 50 ಕೊಟ್ಟು ಕವಳಿ ಅಂದರೆ ಅದು ಮೋಸ.

ಕುಂದಾಪ್ರದ_ಕಣ್
ನಮ್ಮಲ್ಲಿ ಲೆಕ್ಕವೇ ಬೇರೆ, ಹೇಳಿದರೆ ಇಬ್ಬರೂ ಹೊಡೀತೀರಿ.

ಲ್ಯಾಬ್_ಅಕ್ಕ
ಹೀಗೆ ಊರಿಗೊಂದು ಲೆಕ್ಕ ಆಗಬಾರದು ಅಂತಲೇ ಮೋಲ್‌ಗೆ ಒಂದೇ ಸಂಖ್ಯೆ ಗಟ್ಟಿ ಮಾಡಿದ್ದಾರೆ 😄 2019ರ ಮೇ 20ರಿಂದ ಒಂದು ಮೋಲ್ ಅಂದರೆ 6.02214076 ಗುಣಿಸು 10ರ ಘಾತ 23 ಕಣಗಳು. ಹಳೆ ಪುಸ್ತಕ, ಹಳೆ ವಿಡಿಯೋಗಳಲ್ಲಿ "12 ಗ್ರಾಂ ಕಾರ್ಬನ್-12ರಲ್ಲಿ ಇರುವಷ್ಟು" ಅಂತ ಇರುತ್ತದೆ. ಲೆಕ್ಕ ಬಿಡಿಸಲು ಎರಡೂ ಒಂದೇ. ವ್ಯಾಖ್ಯಾನ ಕೇಳಿದರೆ ಮಾತ್ರ ಹೊಸದನ್ನು ಬರೆಯಲಿ.

ಕೆಂಡಸಂಪಿಗೆ_22
ಈಗ ಎಐ ಇದೆಯಲ್ಲ, ಕನ್ನಡದಲ್ಲೇ ಕೇಳಿದರೆ ಕನ್ನಡದಲ್ಲೇ ಹೇಳುತ್ತೆ. ಮೇಷ್ಟ್ರೂ ಬೇಡ, ಟ್ಯೂಷನ್ನೂ ಬೇಡ.

ಹಳೇ_ಬ್ಯೂರೆಟ್ಟು
ನನ್ನ ಮಗಳು ಫೋನಲ್ಲಿ ಒಂದು ಆ್ಯಪನ್ನು ಕೇಳಿದಳು, "ಒಂದು ಮೋಲ್ ಆಕ್ಸಿಜನ್ ಅನಿಲದ ತೂಕ ಎಷ್ಟು" ಅಂತ. 16 ಗ್ರಾಂ ಅಂತು. ಪರಮಾಣುವಿಗೆ 16 ಸರಿ. ಆದರೆ ಆ ಅನಿಲದಲ್ಲಿ ಎರಡೆರಡು ಪರಮಾಣು ಜೋಡಿಯಾಗಿರುತ್ತವೆ, 32 ಆಗಬೇಕು. ಮಗಳು ಅದನ್ನೇ ಬರೆದುಕೊಂಡು ಹೋಗಿ ಬೈಸಿಕೊಂಡಳು. "ಆ್ಯಪ್ ಹೇಳ್ತು" ಅಂದರೆ ಕ್ಲಾಸಲ್ಲಿ ಯಾರು ಕೇಳ್ತಾರೆ?

ಕೆಂಡಸಂಪಿಗೆ_22
ಒಂದು ತಪ್ಪು ಹಿಡಿದುಕೊಂಡು ಪೂರ್ತಿ ಬೇಡ ಅಂದರೆ ಹೇಗೆ? ಮೇಷ್ಟ್ರುಗಳು ತಪ್ಪು ಹೇಳೋದೇ ಇಲ್ವಾ?

ನಿವೃತ್ತ_ಮೇಷ್ಟ್ರು
ಹೇಳುತ್ತೇವೆ. ನಾನೇ ಹೇಳಿದ್ದೇನೆ. ಆದರೆ ಹಿಂದಿನ ಬೆಂಚಿನಿಂದ ಯಾವನೋ ಒಬ್ಬ "ಸಾರ್, 32 ಅಲ್ವಾ" ಅಂತಾನೆ. ಫೋನಿಗೆ ಹಿಂದಿನ ಬೆಂಚು ಇಲ್ಲ. ಇಂಗ್ಲಿಷ್ ವಾಕ್ಯವನ್ನು ಬಿಡಿಸಿ ಹೇಳು ಅಂತ ಕೇಳಲು ಬಳಸಲಿ, ಅದು ಚೆನ್ನಾಗಿ ಮಾಡುತ್ತದೆ. ಲೆಕ್ಕದ ಉತ್ತರವನ್ನು ಪುಸ್ತಕದ ಹಿಂದಿರುವ ಉತ್ತರದ ಜೊತೆ ನೋಡಿಕೊಳ್ಳಲಿ.

ಸಿಇಟಿ_ಗಾಯಾಳು
ಒಂದು ಮುಖ್ಯ ವಿಷಯ ಯಾರೂ ಹೇಳಿಲ್ಲ. ಸಿಲಬಸ್ ಕಡಿಮೆಯಾಗಿದೆ! ಫಸ್ಟ್ ಪಿಯುಸಿ ಕೆಮಿಸ್ಟ್ರಿ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಮೊದಲು 14 ಪಾಠ ಇತ್ತು, ಈಗ 9. ಸ್ಟೇಟ್ಸ್ ಆಫ್ ಮ್ಯಾಟರ್, ಹೈಡ್ರೋಜನ್, ಎಸ್ ಬ್ಲಾಕ್ ಎಲ್ಲ ಹೋಗಿವೆ. ಸೆಕೆಂಡ್ ಪಿಯುಸಿಯಲ್ಲಿ ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಪಾಲಿಮರ್ಸ್ ಇಲ್ಲ. ಆದರೆ ಯೂಟ್ಯೂಬಲ್ಲಿ ಹಳೆ ವಿಡಿಯೋಗಳೇ ಮೇಲೆ ಬರುತ್ತವೆ. ನಾನು ಸಾಲಿಡ್ ಸ್ಟೇಟ್ ಮೇಲೆ ಹನ್ನೊಂದು ದಿನ ಕೂತಿದ್ದೆ. ಹನ್ನೊಂದು! ಆಮೇಲೆ ಫ್ರೆಂಡ್ ಹೇಳಿದ, ಲೋ ಅದು ಈ ವರ್ಷ ಇಲ್ಲ ಕಣೋ ಅಂತ.

2024ರ ಸಿಇಟಿಯಲ್ಲಿ ಸಿಲಬಸ್ ಹೊರಗಿನ ಪ್ರಶ್ನೆ ಬಂದು ದೊಡ್ಡ ಗಲಾಟೆ ಆಗಿ, ಕೊನೆಗೆ 50 ಪ್ರಶ್ನೆ ಕೈಬಿಟ್ಟು ರ‍್ಯಾಂಕ್ ಕೊಟ್ಟರು. ನೆನಪಿದೆಯಾ? ಮೊದಲು ಈ ವರ್ಷದ ಪುಸ್ತಕದ ಪರಿವಿಡಿ ತೆಗೆದು ಗೋಡೆಗೆ ಅಂಟಿಸಿ. ಅದರಲ್ಲಿಲ್ಲದ ವಿಡಿಯೋ ನೋಡಬೇಡಿ. ನೀಟ್ ಬರೆಯುವುದಾದರೆ ಅದರ ಪಟ್ಟಿಯನ್ನೂ ನೋಡಿ, ಪೂರ್ತಿ ಇದೇ ಅಲ್ಲ. ಇಲ್ಲಿ ತೆಗೆದಿರುವ ಪಿ ಬ್ಲಾಕ್ ಪಾಠವನ್ನು ಅವರು ಉಳಿಸಿಕೊಂಡಿದ್ದಾರೆ.

ಪಿಕ್ಸೆಲ್_ಪುಟ್ಟಿ
ಇದು ಚಿನ್ನದಂಥ ಮಾತು. ಹನ್ನೊಂದು ದಿನಕ್ಕೆ ಸಂತಾಪ.

ಸಾಲದ_ಅಪ್ಪ
ಗಿರಣಿ ಅಣ್ಣಾ, ಯಾರಾದರೂ ಮನೆಗೆ ಬಂದು ಟ್ಯಾಬ್ ತೋರಿಸಿ "ಇವತ್ತು ಸೇರಿದರೆ ಅರ್ಧ ರೇಟು" ಅಂದರೆ ಬಾಗಿಲು ಹಾಕಿ. ನಾನು ಮಗನಿಗೆ ಒಂದು ಕಂಪನಿಯ ಕೋರ್ಸ್ ಕೊಡಿಸಿದೆ, ಕಂತಿನ ಮೇಲೆ. ಮೂರು ತಿಂಗಳಲ್ಲಿ ಟ್ಯಾಬ್ ಕೆಟ್ಟಿತು. ಫೋನ್ ಮಾಡಿದರೆ ಎತ್ತುವವರಿಲ್ಲ, ಕಂತು ಮಾತ್ರ ತಿಂಗಳು ತಿಂಗಳು ಬ್ಯಾಂಕಿಂದ ಹೋಗುತ್ತಲೇ ಇತ್ತು. ಮಗ ಈಗ ಲೈಬ್ರರಿಯಲ್ಲಿ ಓದಿ ಡಿಪ್ಲೊಮಾ ಮಾಡ್ತಿದ್ದಾನೆ.

ಬಾಲವಿಜ್ಞಾನ_ಓದುಗ
ಆನ್‌ಲೈನ್ ಆನ್‌ಲೈನ್ ಅಂತೀರಿ. ನಾವು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲವಿಜ್ಞಾನ ಪತ್ರಿಕೆ ಓದಿ ಬೆಳೆದವರು. ಶಾಲೆಗೆ ಒಂದು ಪ್ರತಿ ಬರುತ್ತಿತ್ತು, ನನ್ನ ಸರದಿ ಬರುವ ಹೊತ್ತಿಗೆ ಪದಬಂಧ ಯಾರೋ ಪೆನ್ನಲ್ಲಿ ತುಂಬಿಬಿಟ್ಟಿರುತ್ತಿದ್ದರು. ಆ ಸಿಟ್ಟು ಇನ್ನೂ ಇದೆ.

ಲ್ಯಾಬ್_ಅಕ್ಕ
ಪ್ರಾಕ್ಟಿಕಲ್ ಮರೆಯಬೇಡಿ. ಓಲ್ಯಾಬ್ಸ್ ಅಂತ ಇದೆ, ಅಮೃತ ವಿಶ್ವವಿದ್ಯಾಪೀಠ ಮತ್ತು ಸಿ-ಡ್ಯಾಕ್ ಸೇರಿ ಮಾಡಿರೋದು. ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ ಪ್ರಯೋಗಗಳು ಪರದೆ ಮೇಲೆ. ಲ್ಯಾಬಿಗೆ ಹೋಗುವ ಹಿಂದಿನ ರಾತ್ರಿ ಒಂದು ಸಲ ನೋಡಿದರೆ ಯಾವುದಾದ ಮೇಲೆ ಯಾವುದು ಅಂತ ತಲೆಯಲ್ಲಿ ಕೂರುತ್ತದೆ.

ಆದರೆ ಅಷ್ಟಕ್ಕೇ ಎಲ್ಲ ಬಂತು ಅಂದುಕೊಂಡರೆ ಕಷ್ಟ. ನಾನು ಕಾಲೇಜಿನ ಲ್ಯಾಬಲ್ಲಿ ಕೆಲಸ ಮಾಡುವವಳು. ಹೋದ ವರ್ಷ ಒಬ್ಬ ಹುಡುಗ ಪರದೆ ಮೇಲೆ ಇಪ್ಪತ್ತು ಸಲ ಟೈಟ್ರೇಷನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ತೊಟ್ಟು ತೊಟ್ಟಾಗಿ ಬಿಟ್ಟು ಅಳೆಯೋದು) ಮಾಡಿ ಬಂದಿದ್ದ. ನಿಜವಾದ ಬ್ಯೂರೆಟ್ (ಅಳತೆ ಗೆರೆಯಿರುವ ಉದ್ದ ಗಾಜಿನ ಕೊಳವೆ) ತುಂಬಿಸಿದ, ಮೇಲಿನ ಫನೆಲ್ ತೆಗೆಯಲೇ ಇಲ್ಲ. ಕೆಳಗೆ ಮೂತಿಯಲ್ಲಿ ಗಾಳಿಗುಳ್ಳೆ ಹಾಗೇ ಇತ್ತು. ಫನೆಲ್‌ನಿಂದ ತೊಟ್ಟು ತೊಟ್ಟು ಒಳಗೆ ಬೀಳುತ್ತಿದೆ, ಗುಳ್ಳೆ ಒಡೆದು ರೀಡಿಂಗ್ ಜಾರಿತು. ಮೂರು ರೀಡಿಂಗ್, ಮೂರೂ ಬೇರೆ ಬೇರೆ. "ಫೋನಲ್ಲಿ ಸರಿ ಬಂದಿತ್ತು ಅಕ್ಕಾ" ಅಂದ. ಫೋನಲ್ಲಿ ಗಾಳಿಗುಳ್ಳೆ ಎಲ್ಲಿ ಬರಬೇಕು.

ಬೈಟುಕಾಫಿ
ಮನೆಯಲ್ಲೇ ಪ್ರಯೋಗ ಮಾಡಬಹುದಲ್ಲ. ಬಾತ್‌ರೂಮ್ ತೊಳೆಯುವ ಆಸಿಡ್, ಬ್ಲೀಚಿಂಗ್ ಪೌಡರ್ ಎಲ್ಲರ ಮನೆಯಲ್ಲೂ ಇರುತ್ತೆ.

ನಿವೃತ್ತ_ಮೇಷ್ಟ್ರು
ಬೇಡ!! ಅವೆರಡೂ ಸೇರಿದರೆ ಕ್ಲೋರಿನ್ ಬರುತ್ತದೆ. ಮುಚ್ಚಿದ ಬಾತ್‌ರೂಮಲ್ಲಿ ಜೀವಕ್ಕೇ ಅಪಾಯ. ದಯವಿಟ್ಟು ಇಂಥದ್ದು ಬರೆಯಬೇಡಿ, ಮಕ್ಕಳು ಓದುತ್ತಾರೆ.

ಬೈಟುಕಾಫಿ
ತಪ್ಪಾಯ್ತು ಸರ್. ಗೊತ್ತಿರಲಿಲ್ಲ.

ಅಜ್ಜಿ_ಮೊಮ್ಮಗಳು
ಮನೆಯಲ್ಲಿ ಮಾಡೋದಾದರೆ ಓಕುಳಿ ನೀರು ಮಾಡಿ. ಆರತಿ ತಟ್ಟೆಗೆ ಅಜ್ಜಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕುತ್ತಿದ್ದರು, ನೋಡನೋಡುತ್ತಿದ್ದಂತೆ ಕೆಂಪು. ಅರಿಶಿನ ಒಂದು ಸೂಚಕ (ಆಮ್ಲವೋ ಪ್ರತ್ಯಾಮ್ಲವೋ ಅಂತ ಬಣ್ಣದಲ್ಲಿ ತೋರಿಸುವಂಥದ್ದು) ಅಂತ ನನಗೆ ಗೊತ್ತಾದದ್ದು ಹತ್ತನೇ ಕ್ಲಾಸಲ್ಲಿ. ಆ ಕೆಂಪು ನೀರಿಗೆ ನಿಂಬೆಹಣ್ಣು ಹಿಂಡುತ್ತಾ ಹೋದರೆ ಮತ್ತೆ ಹಳದಿ. ಅದೇ ನ್ಯೂಟ್ರಲೈಸೇಷನ್. ಎಷ್ಟು ತೊಟ್ಟಿಗೆ ಬಣ್ಣ ತಿರುಗಿತು ಅಂತ ಎಣಿಸಿದರೆ ಅದೇ ಟೈಟ್ರೇಷನ್.

ಅರವಿಂದ ಗುಪ್ತ ಅವರ ಆಟಿಕೆಗಳ ತಾಣದಲ್ಲೂ ಇಂಥವೇ ಬೇಕಾದಷ್ಟಿವೆ. ಕಸದಿಂದ ಮಾಡುವ ವಿಜ್ಞಾನ, ಸಣ್ಣ ಸಣ್ಣ ವಿಡಿಯೋ, ಡೇಟಾ ಹೆಚ್ಚು ತಿನ್ನಲ್ಲ.

ಗಿರಣಿ_ಅಣ್ಣ
ಎಲ್ಲರಿಗೂ ನೂರು ನಮಸ್ಕಾರ. ಇಷ್ಟು ಜನ ಬರೀತೀರಿ ಅಂದುಕೊಂಡಿರಲಿಲ್ಲ. ಎರಡೂ ಪುಸ್ತಕ ಇಳಿಸಿದೆ. ಫೆಟ್‌ನ ನಾಲ್ಕು ಇಳಿಸಿದೆ. ಪರಿವಿಡಿ ಗೋಡೆಗೆ ಅಂಟಿಸಿದ್ದೇವೆ, 9 ಪಾಠ ಅಂತ ನೋಡಿ ಅವಳಿಗೇ ಅರ್ಧ ಧೈರ್ಯ ಬಂತು. ಕವಳಿ ಲೆಕ್ಕ ಹೇಳಿದಾಗ ನಕ್ಕಳು. ಒಂದು ಕೇಳಬೇಕಿತ್ತು, ವಿಡಿಯೋನೇ ಬೇಕು ಅಂದರೆ ಯಾವುದು?

ಪಿಕ್ಸೆಲ್_ಪುಟ್ಟಿ
ಖಾನ್ ಅಕಾಡೆಮಿ ನೋಡಿ ಅಣ್ಣಾ. ಕನ್ನಡದ್ದೂ ಇದೆ, ಪುಕ್ಕಟೆ. ವಿಡಿಯೋ ಆದಮೇಲೆ ಪ್ರಶ್ನೆ ಕೇಳುತ್ತೆ, ಅದೇ ಅದರ ಗುಣ. ಹತ್ತನೆಯದರವರೆಗಿನ ಪಠ್ಯಪುಸ್ತಕದಲ್ಲಿ ಚೌಕ ಚೌಕದ ಕ್ಯೂಆರ್ ಇರುತ್ತಲ್ಲ, ಅದನ್ನು ದೀಕ್ಷಾ ಆ್ಯಪಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ್ದೇ ಸಾಮಗ್ರಿ ಬರುತ್ತದೆ. ವಿಡಿಯೋ ಗುಣಮಟ್ಟ ಕಡಿಮೆ ಇಟ್ಟು ನೋಡಲಿ, ಬೋರ್ಡು ಕಂಡರೆ ಸಾಕು.

ಸಿಇಟಿ_ಗಾಯಾಳು
ಒಂದು ಪಾಠಕ್ಕೆ ಒಬ್ಬರೇ ಮೇಷ್ಟ್ರ ವಿಡಿಯೋ. ಐದು ಚಾನೆಲ್ ನೋಡಿದರೆ ಐದೂ ಅರ್ಧಂಬರ್ಧ ಆಗುತ್ತೆ, ಅನುಭವದ ಮಾತು.

ಎಲೆತೋಟ
ಮತ್ತೆ ಆ 50 ಎಲೆಯವರು ಯಾವ ಊರು ಅಂತ ಹೇಳಲೇ ಇಲ್ಲ.

ಗಿರಣಿ_ಅಣ್ಣ
(ಐದು ವಾರ ಆದಮೇಲೆ ಬರೆಯುತ್ತಿದ್ದೇನೆ.) ತಂಗಿ ಪಕ್ಕದಲ್ಲೇ ಇದ್ದಾಳೆ, ಅವಳೇ ಟೈಪ್ ಮಾಡ್ತಾಳೆ.

ನಮಸ್ಕಾರ ಸರ್, ನಮಸ್ಕಾರ ಅಕ್ಕಾ. ಪದಗಳ ನೋಟ್‌ಬುಕ್ಕು 34 ಪುಟ ಆಗಿದೆ. ಟೆಸ್ಟಲ್ಲಿ 40ಕ್ಕೆ 23 ಬಂತು, ಮೊದಲು 9 ಇತ್ತು. ಒಂದು ಡೌಟ್ ಇದೆ. ನಿನ್ನೆ ಲ್ಯಾಬಲ್ಲಿ ಆಕ್ಸಾಲಿಕ್ ಆಸಿಡ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಟೈಟ್ರೇಷನ್ ಇತ್ತು. ಸೂಚಕವಾಗಿ ಫೀನಾಲ್ಫ್ಥಲೀನ್ ಹಾಕಿದ್ದೆ. ಗುಲಾಬಿ ಬಣ್ಣ ಬಂತು, ನಿಲ್ಲಿಸಿದೆ. ರೀಡಿಂಗ್ ಬರೆದು, ಪಕ್ಕದವಳಿಗೆ ತೋರಿಸೋಣ ಅಂತ ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಬಣ್ಣ ಇಲ್ಲ! ನಾನು ತಪ್ಪು ಮಾಡಿದ್ನಾ? ಇನ್ನೊಂದು ತೊಟ್ಟು ಹಾಕಬೇಕಿತ್ತಾ?

ಲ್ಯಾಬ್_ಅಕ್ಕ
ತಪ್ಪು ಮಾಡಿಲ್ಲ ಪುಟ್ಟಿ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ನಿಧಾನಕ್ಕೆ ದ್ರಾವಣದಲ್ಲಿ ಕರಗುತ್ತೆ. ಅದು ಉಳಿದಿದ್ದ ಚೂರು ಪ್ರತ್ಯಾಮ್ಲವನ್ನು ತಿಂದುಹಾಕುತ್ತೆ, ಬಣ್ಣ ಹೋಗುತ್ತೆ. ಅಲ್ಲಾಡಿಸಿದ ಮೇಲೂ 30 ಸೆಕೆಂಡ್ ಬಣ್ಣ ನಿಂತರೆ ಅದೇ ನಿನ್ನ ಎಂಡ್ ಪಾಯಿಂಟ್. ಅಷ್ಟೂ ಹೊತ್ತು ನಿಲ್ಲದಿದ್ದರೆ ಮಾತ್ರ ಇನ್ನೊಂದು ತೊಟ್ಟು.

ನಿವೃತ್ತ_ಮೇಷ್ಟ್ರು
ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದರೆ ಹಾಲಿನ ಹಾಗೆ ಆಗುತ್ತದೆ ಅಂತ ಓದಿದ್ದೀಯಲ್ಲಮ್ಮ? ಅಲ್ಲೂ ಇದೇ ಅನಿಲದ ಕೆಲಸ. 23 ಚೆನ್ನಾಗಿದೆ.

ಗಿರಣಿ_ಅಣ್ಣ
ಓ, ಅದೇನಾ ಸರ್! ಅದು ಗೊತ್ತು ನನಗೆ. (ತಂಗಿ)

ಲ್ಯಾಬ್_ಅಕ್ಕ
ಮುಂದಿನ ಸಲ ಫ್ಲಾಸ್ಕಿನ ಕೆಳಗೆ ಒಂದು ಬಿಳಿ ಹಾಳೆ ಇಟ್ಟುಕೋ. ಕಲ್ಲಿನ ಮೇಜಿನ ಮೇಲೆ ತಿಳಿ ಗುಲಾಬಿ ಕಣ್ಣಿಗೆ ಬೀಳೋದೇ ಇಲ್ಲ, ಎಲ್ಲರೂ ಎರಡು ತೊಟ್ಟು ಜಾಸ್ತಿ ಬಿಡ್ತಾರೆ.